ಗೋಲಿ ಗಿರಣಿಯ ಭಾನುವಾರ

"ಪಿಆರ್ ಖಾಲಿ ಆಗಿದೆ. ಪಲ್ಯ ಇದೆ, ಹಾಕ್ಲಾ?"

ಮಹತಿ ನನ್ನೊಂದಿಗೆ ಆಡಿದ ಮೊದಲ ಮಾತು ಇದು.

ಸಿಡ್ನಿಯ ಬ್ಲ್ಯಾಕ್‌ಟೌನಿನ ಒಂದು ಹಾಲಿನಲ್ಲಿ ಯುಗಾದಿ ಊಟ ನಡೆದಿತ್ತು. ಉದ್ದನೆಯ ಪ್ಲಾಸ್ಟಿಕ್ ಮೇಜುಗಳ ಮೇಲೆ ಕಾಗದದ ಬಾಳೆಲೆ. ನನ್ನ ರೂಮ್‌ಮೇಟ್ ಅಭಿನಂದನ್ ಎದುರು ಕೂತಿದ್ದ ಪದ್ಮಿನಿ ಆಂಟಿಗೆ, "ಆಂಟಿ, ನಮ್ಮ ವಿರೂಪಾಕ್ಷನಿಗೆ ಪಿಆರ್ ಇರೋ ಹುಡುಗಿ ಒಬ್ಬಳನ್ನ ನೋಡಿ. ಇವನ ವೀಸಾ ಮುಂದಿನ ವರ್ಷ ಢಮಾರ್" ಅಂದ. ಪಿಆರ್ ಎಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ. ಎಲ್ಲರೂ ನಕ್ಕರು. ಆ ನಗುವಿಗೆ ನಾನೂ ಏನಾದರೂ ಸೇರಿಸಬೇಕಿತ್ತು. ಮಾತು ಕಡಿಮೆ ಇರುವವರ ಕಷ್ಟವೇ ಇದು. ಅಪರೂಪಕ್ಕೆ ಬಾಯಿ ಬಿಟ್ಟಾಗ ಆಡಬಾರದ್ದನ್ನೇ ಆಡುತ್ತೇವೆ.

"ಹುಡುಗಿ ಇಲ್ಲದಿದ್ದರೂ ನಡೆಯುತ್ತೆ ಆಂಟಿ, ಪಿಆರ್ ಸಾಕು" ಅಂದೆ.

ಬೆನ್ನ ಹಿಂದೆ ಅವಳು ಪಲ್ಯದ ಬಕೆಟ್ ಹಿಡಿದು ನಿಂತಿದ್ದಳು. ಸಾಸಿವೆ ಬಣ್ಣದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ತುಟಿಯಲ್ಲಿ ನಗುವಿತ್ತು, ಕಣ್ಣಲ್ಲಿ ಇರಲಿಲ್ಲ. ಗಾಬರಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದೆ.

"ಸಾಕು."

"ಇನ್ನೂ ಹಾಕೇ ಇಲ್ವಲ್ರೀ" ಅನ್ನುತ್ತಾ ಮುಂದಿನ ಎಲೆಗೆ ಹೋದಳು.

ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಪಕ್ಕ ಹೋಗಿ ನಿಂತೆ. "ತಮಾಷೆಗೆ ಅಂದಿದ್ದು" ಅಂದೆ.

"ಗೊತ್ತು. ಎಲ್ಲರೂ ತಮಾಷೆಗೇ ಅನ್ನೋದು." ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಅವಳು ತೊಳೆದಳು, ನಾನು ಒರೆಸಿದೆ. ಕೊನೆಯ ಪಾತ್ರೆಯವರೆಗೂ ಇಬ್ಬರೂ ಮಾತಾಡಲಿಲ್ಲ. ಹೊರಡುವಾಗ, "ಇಷ್ಟು ಹೊತ್ತು ಸುಮ್ಮನಿರೋ ಗಂಡಸನ್ನ ನಾನು ನೋಡಿರಲಿಲ್ಲ" ಅಂದಳು.

*

ಅವಳ ಊರು ಮೈಸೂರು. ಈಗ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ. ಆಗಾಗ ಸಿಡ್ನಿಯ ಆಫೀಸಿಗೆ ಬರಬೇಕಾಗುತ್ತಿತ್ತು. ಬಂದಾಗ ಪದ್ಮಿನಿ ಆಂಟಿಯ ಮನೆಯಲ್ಲಿ ಉಳಿಯುತ್ತಿದ್ದಳು. ಆ ಸಂಜೆಗಳಲ್ಲಿ ನಾವಿಬ್ಬರೂ ನಡೆಯುತ್ತಿದ್ದೆವು. ಅವಳು ನನಗಿಂತ ಕೊಂಚ ದೊಡ್ಡವಳು, ಬೇಗನೆ 'ನೀನು' ಅನ್ನತೊಡಗಿದಳು. ನಾನು 'ನೀವು' ಬಿಡಲಿಲ್ಲ. ಬಿಟ್ಟರೆ ಉಳಿದದ್ದೆಲ್ಲ ಬಾಯಿಗೆ ಬಂದುಬಿಡುತ್ತದೆ ಎಂಬ ಭಯ.

ಮೆಲ್ಬರ್ನಿಗೆ ಮರಳಿದ ಮೇಲೆ ಆಫೀಸು ಬಿಟ್ಟು ಟ್ರಾಮ್ ಹತ್ತಿದಾಗ ಫೋನ್ ಮಾಡುತ್ತಿದ್ದಳು. ಮಾತು ನಿಂತರೆ ಟ್ರಾಮಿನ ಗಂಟೆ ಕೇಳಿಸುತ್ತಿತ್ತು.

"ಇದ್ದೀಯಾ?"

"ಇದ್ದೀನಿ."

ಮತ್ತೆ ಗಂಟೆ. ನನಗೆ ಅಷ್ಟು ಸಾಕಾಗುತ್ತಿತ್ತು.

ಹಿಂದಿನ ಗಂಡ ಗುರುವಿನ ವಿಷಯವನ್ನು ಅವಳೇ ಹೇಳಿದಳು, ಪ್ಯಾರಮಟ್ಟಾ ನದಿಯ ದಂಡೆಯಲ್ಲಿ ನಡೆಯುತ್ತಿದ್ದಾಗ, ಯಾರದೋ ಸುದ್ದಿ ಹೇಳುವ ಹಾಗೆ. ಮೈಸೂರಿನಲ್ಲಿ ಮದುವೆ. ಅವಳ ಸ್ಪಾನ್ಸರ್‌ಶಿಪ್ಪಿನಲ್ಲಿ ಗಂಡನಾಗಿ ಇಲ್ಲಿಗೆ ಬಂದ. ಪಿಆರ್ ಬಂದ ವಾರವೇ ಬೇರೆ ಸಬರ್ಬಿನಲ್ಲಿ ಬೇರೆ ಮನೆ ಮಾಡಿದ. ಆಗ ಮಗಳು ಪ್ರಣತಿ ತೊಟ್ಟಿಲಲ್ಲಿದ್ದಳು. ಈಗ ಒಂದು ವಾರಾಂತ್ಯ ಬಿಟ್ಟು ಇನ್ನೊಂದು ವಾರಾಂತ್ಯ ಮಗು ಅಪ್ಪನ ಮನೆಗೆ ಹೋಗಬೇಕು, ಅವಳನ್ನು ಕರೆದುಕೊಂಡು ದೇಶ ಬಿಟ್ಟು ನೆಲೆಸುವ ಹಾಗಿಲ್ಲ ಎಂದು ಕೋರ್ಟಿನಲ್ಲಿ ತೀರ್ಮಾನವಾಗಿದೆ.

"ಅವಳು ದೊಡ್ಡವಳಾಗೋವರೆಗೂ ನಾನು ಇಲ್ಲೇ" ಅಂದಳು. "ನೀನು?"

"ನೋಡಬೇಕು."

ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಓದು ಮುಗಿದ ಮೇಲೆ ಸಿಕ್ಕ ವೀಸಾ, ಸಿಮೆಂಟಿನ ಗಟ್ಟಿತನ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಗುತ್ತಿಗೆಯ ಕೆಲಸ. ದಿನವಿಡೀ ಕಾಂಕ್ರೀಟಿನ ತುಂಡುಗಳನ್ನು ಮೆಷಿನ್ನಿನ ಅಡಿ ಇಟ್ಟು ಎಷ್ಟು ಒತ್ತಿದರೆ ಒಡೆಯುತ್ತವೆ ಎಂದು ನೋಡುತ್ತಿದ್ದೆ. ವಯಸ್ಸು, ಓದು, ಕೆಲಸಕ್ಕೆ ಕೊಡುವ ಪಾಯಿಂಟ್ಸ್ ಪಿಆರ್‌ಗೆ ಸಾಲಲಿಲ್ಲ. ಯುಗಾದಿ ಮತ್ತೆ ಬರುವ ಹೊತ್ತಿಗೆ ನನ್ನ ಊರು ಹೊಸಪೇಟೆಗೆ ಮರಳಲು ಟಿಕೆಟ್ ಬುಕ್ ಆಗಿತ್ತು.

ನಾನು ಅವಳಿಗೆ ಏನನ್ನೂ ಹೇಳಿರಲಿಲ್ಲ. ವೀಸಾ ಮುಗಿಯುತ್ತಿರುವ ಗಂಡಸು ಪ್ರೀತಿ ಎಂದರೆ ಅದು ಅರ್ಜಿಯ ಹಾಗೆ ಕೇಳಿಸುತ್ತದೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದ್ದೆ. ನನಗೇ ಹಾಗೆ ಕೇಳಿಸಿತು.

*

"ಭಾನುವಾರ ಬಾ" ಅಂದಳು ಫೋನಿನಲ್ಲಿ. "ಪ್ರಣತಿ ಅವರಪ್ಪನ ಹತ್ತಿರ ಇರ್ತಾಳೆ. ಗೋಲಿ ಮಾಡೋ ಗಿರಣಿ ತೋರಿಸ್ತೀನಿ."

"ಏನು ಮಾಡೋ ಗಿರಣಿ?"

"ಗೋಲಿ. ಕಲ್ಲಿಂದು. ನೀರಲ್ಲಿ ತಿರುಗುತ್ತಂತೆ. ಹಳೇ ಕಾಲದ್ದು."

"ದೇಶ ಬಿಡೋ ಮುಂಚೆ ನೋಡಲೇಬೇಕಾದ್ದು ಇದೇನಾ?"

"ಒಪೆರಾ ಹೌಸ್ ಎಲ್ಲರೂ ನೋಡ್ತಾರೆ. ಬರ್ತೀಯೋ ಇಲ್ವೋ?"

ಬೆಳಗಿನ ವಿಮಾನಕ್ಕೆ ಮೆಲ್ಬರ್ನಿಗೆ ಹೋದೆ, ಸಂಜೆಯ ವಿಮಾನಕ್ಕೆ ವಾಪಸ್ ಟಿಕೆಟ್ ಇತ್ತು. ಏರ್‌ಪೋರ್ಟಿನ ಹೊರಗೆ ಅವಳು ಕಾರಿಗೆ ಒರಗಿ ನಿಂತಿದ್ದಳು, ನೀಲಿ ಕಾಟನ್ ಕುರ್ತಾ, ಇನ್ನೂ ಒದ್ದೆಯಿದ್ದ ಕೂದಲು. ನನ್ನ ಕೈಯಲ್ಲಿದ್ದ ಪುಟ್ಟ ಬ್ಯಾಗ್ ನೋಡಿ, "ಇಷ್ಟೇನಾ? ಆಂಟಿ ನನಗೇನೂ ಕಳಿಸಿಲ್ವಾ?" ಅಂದಳು.

"ಚಟ್ನಿಪುಡಿ ಕಳಿಸಿದಾರೆ."

"ಹಾಗಾದ್ರೆ ಹತ್ತು."

ನಮ್ಮವರ ಅಂಗಡಿಗಳಿರುವ ಡ್ಯಾಂಡಿನಾಂಗ್ ಬಡಾವಣೆಯಲ್ಲಿ ದೋಸೆ ತಿಂದೆವು. ಪಕ್ಕದ ಅಂಗಡಿಯಲ್ಲಿ ಅವಳು ಕರಿಬೇವು ಕೊಂಡಳು. ಅಷ್ಟರಲ್ಲಿ ಮಗಳ ವಾಯ್ಸ್ ಮೆಸೇಜ್ ಬಂತು. ಸ್ಪೀಕರಿಗೆ ಹಾಕಿದಳು. ಅಚ್ಚ ಆಸ್ಟ್ರೇಲಿಯನ್ ಇಂಗ್ಲಿಷಿನಲ್ಲಿ ಮಗು ತನಗೊಂದು ಹಸಿರು ಗೋಲಿ ತರಬೇಕೆಂದು ಅಪ್ಪಣೆ ಕೊಡಿಸಿತ್ತು.

"ನೀನು ಆಡ್ತಿದ್ಯಾ ಗೋಲಿ?" ಕಾರು ಬೆಟ್ಟದ ದಾರಿ ಹತ್ತುವಾಗ ಕೇಳಿದಳು.

"ಆಡ್ತಿದ್ದೆ. ಸೋಲ್ತಿದ್ದೆ."

"ನಾನು ಗೆಲ್ತಿದ್ದೆ. ಹೆಣ್ಣುಮಕ್ಕಳು ಆಡಬಾರದು ಅಂತ ಅಜ್ಜಿ ಬೈತಿದ್ರು. ಫ್ರಾಕಿನ ಜೇಬು ಹರಿದು ಬೀಳೋ ಅಷ್ಟು ಗೆಲ್ತಿದ್ದೆ." ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನನ್ನ ಎಡಗೈ ಎಳೆದುಕೊಂಡು, ನಡುಬೆರಳನ್ನು ಹಿಂದಕ್ಕೆ ಬಾಗಿಸಿದಳು. "ಹೀಗೆ. ಬೆರಳು ನೋಯೋವರೆಗೂ ಎಳೀಬೇಕು. ನೋವಾಗ್ತಿದೆ ಅಂತ ಬೇಗ ಬಿಟ್ರೆ ಗುರಿ ತಪ್ಪುತ್ತೆ."

ಸಿಗ್ನಲ್ ಹಸಿರಾಯಿತು. ಅವಳು ಕೈ ಬಿಟ್ಟಳು, ಆದರೆ ತಕ್ಷಣವಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆಯಬೇಕಾಯಿತು. ಅವಳ ಕಿವಿಯ ತುದಿ ಕೆಂಪಾಗಿದ್ದನ್ನು ನೋಡಿ ನಾನು ಕಿಟಕಿಯತ್ತ ತಿರುಗಿದೆ. ಮುಂದಿನ ದಾರಿಯಲ್ಲಿ ಇಬ್ಬರೂ ರಸ್ತೆಯನ್ನು ಅಗತ್ಯಕ್ಕಿಂತ ಹೆಚ್ಚು ಗಮನವಿಟ್ಟು ನೋಡಿದೆವು.

*

ಗಿರಣಿ ಎಂದರೆ ದೊಡ್ಡ ಕಟ್ಟಡ ಇರಬಹುದು ಅಂದುಕೊಂಡಿದ್ದೆ. ಎತ್ತರದ ನೀಲಗಿರಿ ಮರಗಳ ಕೆಳಗೆ, ಜರಿಗಿಡಗಳ ನಡುವೆ, ತೊರೆಯ ಪಕ್ಕ ಒಂದು ತಗಡಿನ ಚಪ್ಪರ, ಅಷ್ಟೇ. ಜರ್ಮನಿಯಿಂದ ವಲಸೆ ಬಂದ ಒಬ್ಬ ಕಲ್ಲುಕುಟಿಗ ತನ್ನ ಊರಿನಲ್ಲಿದ್ದ ಹಾಗೆಯೇ ಇಲ್ಲೂ ಕಟ್ಟಿದ್ದನಂತೆ. ಅವನ ವಂಶದವರು ಈಗ ಇಲ್ಲಿಲ್ಲ. ಊರಿನ ಕೆಲವರು ಸೇರಿ ತಿಂಗಳಿಗೊಮ್ಮೆ ನಡೆಸಿ ತೋರಿಸುತ್ತಾರೆ. ಆ ದಿನ ತೋರಿಸಿದವರು ಹೈಡಿ ಎಂಬ ಹಿರಿಯ ಹೆಂಗಸು. ರಿಟೈರ್ಡ್ ಟೀಚರ್, ಕಿವಿಯಲ್ಲಿ ಪುಟ್ಟ ಕಲ್ಲುಗೋಲಿಗಳ ಲೋಲಾಕು.

ಕೆಳಗೆ ಬೀಸುವ ಕಲ್ಲಿನಂಥ ಒಂದು ದಪ್ಪ ಮರಳುಗಲ್ಲು. ಅದರ ಮೇಲ್ಮೈಯಲ್ಲಿ ಒಂದರೊಳಗೊಂದು ಬಳೆಯ ಹಾಗೆ ಕೊರೆದ ಕಾಲುವೆಗಳು. ಮೇಲೆ ಮರದ ಗಾಲಿ, ಸುತ್ತಲೂ ರೆಕ್ಕೆ. ಒರಟಾಗಿ ಒಡೆದ ಅಮೃತಶಿಲೆಯ ತುಂಡುಗಳನ್ನು ಕಾಲುವೆಯಲ್ಲಿ ಜೋಡಿಸಿ ಗಾಲಿ ಇಳಿಸಿದರೆ, ತೊರೆಯ ನೀರು ರೆಕ್ಕೆಗೆ ಬಡಿದು ತಿರುಗಿಸುತ್ತದೆ. ಉಳಿದದ್ದು ನೀರಿನ ಕೆಲಸ. ಚಿಕ್ಕ ಕಲ್ಲು ಗುಂಡಗಾಗಲು ಎರಡು ಮೂರು ದಿನ, ದೊಡ್ಡದಕ್ಕೆ ವಾರ.

"ಯಾರೂ ಮುಟ್ಟಬೇಕಿಲ್ಲ" ಅಂದರು ಹೈಡಿ. "ತಿರುಗಲು ಬಿಟ್ಟರೆ ಸಾಕು. ಆದರೆ ಹಾಕುವ ಮುಂಚೆ ಕಲ್ಲನ್ನು ತಟ್ಟಿ ಕೇಳಿಸಿಕೊಳ್ಳಬೇಕು, ಒಳ್ಳೆಯದು ಟಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ತಿರುಗುವಾಗ ಒಡೆಯುತ್ತದೆ. ತಾನು ಒಡೆಯುವುದಷ್ಟೇ ಅಲ್ಲ, ಚೂರುಗಳು ಪಕ್ಕದ ಕಲ್ಲುಗಳನ್ನೂ ಹಾಳುಮಾಡುತ್ತವೆ."

ಬುಟ್ಟಿಯಿಂದ ಒಂದೊಂದು ಕಲ್ಲು ಆರಿಸಿಕೊಳ್ಳಿ ಎಂದರು. ನಾನು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡೆ. ಮಹತಿ ಒಂದು ಹಸಿರು ಛಾಯೆಯ ಕಲ್ಲನ್ನು ಕಿವಿಯ ಹತ್ತಿರ ಹಿಡಿದು ಪುಟ್ಟ ಸುತ್ತಿಗೆಯಿಂದ ತಟ್ಟಿದಳು. ಇಟ್ಟಳು. ಇನ್ನೊಂದು. ಅದನ್ನೂ ಇಟ್ಟಳು. ನಮ್ಮ ಹಿಂದೆ ಒಂದು ಕುಟುಂಬ ಕಾಯುತ್ತಿತ್ತು.

"ಇದು ಚೆನ್ನಾಗಿದೆ" ಅಂದೆ.

"ಹೇಗೆ ಗೊತ್ತು?"

"ಟಣ್ ಅನ್ನುತ್ತಲ್ಲ."

"ಎಲ್ಲಾನೂ ಟಣ್ ಅಂತಾನೇ ಇವೆ ವಿರು. ಅದೇ ನನ್ನ ಪ್ರಾಬ್ಲಂ." ನಗುವ ಹಾಗೆ ಹೇಳಿದಳು. ಕಣ್ಣು ಬುಟ್ಟಿಯ ಮೇಲೇ ಇತ್ತು. ಕೊನೆಗೆ ನಾನು ತೋರಿಸಿದ್ದನ್ನೇ ತೆಗೆದುಕೊಂಡಳು.

ಹೈಡಿ ಎರಡನ್ನೂ ಒಂದೇ ಕಾಲುವೆಯಲ್ಲಿ ಅಕ್ಕಪಕ್ಕ ಇಟ್ಟರು. ಗಾಲಿ ಇಳಿಯಿತು. ತೂಬು ಎತ್ತಿದಾಗ ನೀರು ನುಗ್ಗಿ ಬಂದು ರೆಕ್ಕೆಗೆ ಬಡಿಯಿತು, ಗಾಲಿ ಒಮ್ಮೆ ತಡವರಿಸಿ ತಿರುಗತೊಡಗಿತು. ಒಳಗಿನಿಂದ ಗುಡುಗುಡು ಸದ್ದು. ಅದರಲ್ಲಿ ನಮ್ಮ ಕಲ್ಲು ಯಾವುದು, ಬೇರೆಯವರದು ಯಾವುದು ಗೊತ್ತಾಗುವ ಹಾಗಿರಲಿಲ್ಲ. ಅವಳ ಭುಜ ನನ್ನ ತೋಳಿಗೆ ತಾಗಿತು. ಸರಿಸಿಕೊಳ್ಳಲಿಲ್ಲ.

"ಆದ ಮೇಲೆ ಅಂಚೆಯಲ್ಲಿ ಕಳಿಸುತ್ತೇವೆ. ಯಾವ ವಿಳಾಸಕ್ಕೆ?" ಹೈಡಿ ನನ್ನನ್ನು ಕೇಳಿದರು.

ನಾನು ಬಾಯಿ ತೆರೆದೆ. ಬ್ಲ್ಯಾಕ್‌ಟೌನಿನ ಮನೆಯಲ್ಲಿ ನನ್ನ ಕೋಣೆಗೆ ಆಗಲೇ ಬೇರೆಯವನು ಬರುವುದೆಂದಾಗಿತ್ತು. ಹೊಸಪೇಟೆಯ ವಿಳಾಸವನ್ನು ಆ ಹೆಂಗಸಿಗೆ ಹೇಳಲು ನಾಲಿಗೆ ಏಳಲಿಲ್ಲ.

"ಎರಡೂ ನನ್ನ ಮನೆಗೇ" ಅಂದಳು ಮಹತಿ.

"ಓ, ಇಬ್ಬರದೂ ಒಂದೇ ಮನೆ!" ಹೈಡಿಗೆ ಸಂತೋಷವಾಯಿತು.

ಮಹತಿ ಅವರನ್ನು ತಿದ್ದಲಿಲ್ಲ.

*

ತೊರೆಯ ಪಕ್ಕದ ಬೆಂಚಿನಲ್ಲಿ ಕೂತೆವು. ಉಳಿದವರು ಮೇಲೆ ಕಾಫಿ ಕುಡಿಯಲು ಹೋಗಿದ್ದರು. ಮಹತಿ ಜರಿಗಿಡದ ಒಂದು ಎಲೆ ಕಿತ್ತು, ಅದರ ಹಲ್ಲುಗಳನ್ನು ಒಂದೊಂದಾಗಿ ಹರಿಯುತ್ತಿದ್ದಳು.

"ಒಂದು ವಿಷಯ ಹೇಳಬೇಕು. ಮಧ್ಯೆ ಬಾಯಿ ಹಾಕಬೇಡ."

"ನಾನು ಯಾವಾಗ ಹಾಕಿದೀನಿ?"

"ಅದೂ ನಿಜಾನೇ." ಉಸಿರು ಎಳೆದುಕೊಂಡಳು. "ಇಲ್ಲಿ ಒಬ್ಬರು ಜೀವನದಲ್ಲಿ ಎರಡೇ ಸಲ ಪಾರ್ಟ್‌ನರ್‌ನ ಸ್ಪಾನ್ಸರ್ ಮಾಡಬಹುದು. ನಂದು ಒಂದು ಗುರುಗೆ ಹೋಯ್ತು. ಇನ್ನೊಂದು ಹಾಗೇ ಬಿದ್ದಿದೆ. ಅದನ್ನಿಟ್ಟುಕೊಂಡು ನಾನೇನು ಮಾಡ್ಲಿ? ನೀನು ತಗೋ."

"ತಗೋ ಅಂದ್ರೆ?"

"ರಿಜಿಸ್ಟರ್ ಮದುವೆ. ಫ್ರೆಂಡ್ ಆಗಿ. ಮನೇಲಿ ಮೇಲಿನ ರೂಮ್ ಖಾಲಿ ಇದೆ. ಪ್ರಣತಿಗೆ ನೀನು ವಿರು ಅಂಕಲ್. ಇಲ್ಲೇ ಕೆಲಸ ಹುಡುಕ್ಕೋ. ಪಿಆರ್ ಬಂದ ಮೇಲೆ ಹೋಗು. ಹೋಗ್ತೀಯ ಅಂತ ಮೊದಲೇ ಗೊತ್ತಿದ್ರೆ ನನಗೆ ಕಷ್ಟ ಆಗಲ್ಲ."

ಬ್ಯಾಂಕಿನ ಮೀಟಿಂಗಿಗೆ ತಯಾರಾದ ಹಾಗೆ ತಯಾರಾಗಿ ಬಂದಿದ್ದಳು. ದನಿ ಎಲ್ಲೂ ತಪ್ಪಲಿಲ್ಲ. ಬೆರಳುಗಳು ಮಾತ್ರ ಎಲೆಯ ದಂಟನ್ನೂ ಹರಿಯುತ್ತಿದ್ದವು.

ನನಗೆ ಬೇಕಾದ್ದೆಲ್ಲ ಆ ಮಾತಿನಲ್ಲಿತ್ತು. ಅವಳ ಮನೆ, ಬೆಳಗಿನ ಕಾಫಿ, ಒಂದೇ ಸ್ಟ್ಯಾಂಡಿನಲ್ಲಿ ಅವಳ ಚಪ್ಪಲಿಯ ಪಕ್ಕ ನನ್ನ ಶೂ, ಮೆಟ್ಟಿಲ ಕೆಳಗಿನಿಂದ ಅವಳು ಕೂಗುವ ನನ್ನ ಹೆಸರು. ಹೂಂ ಅಂದರೆ ಸಾಕಿತ್ತು.

"ಬೇಡ" ಅಂದೆ.

ಅವಳು ತಲೆ ಎತ್ತಿದಳು. "ಯಾಕೆ? ಸಿಕ್ಕಿಬೀಳ್ತೀವಿ ಅಂತಾನಾ?"

"ಅಲ್ಲ."

"ಮತ್ತೆ? ನಿಮ್ಮ ಮನೇಲಿ ಏನಂತಾರೋ ಅಂತಾನಾ? ಡೈವೋರ್ಸಿ, ಮಗು ಬೇರೆ..."

"ಅಯ್ಯೋ, ಅಲ್ಲ."

"ಹಾಗಾದ್ರೆ ಬಾಯಿಬಿಟ್ಟು ಹೇಳೋ ಮಾರಾಯ. ನಿನ್ನ ಮೌನ ಅರ್ಥ ಮಾಡಿಕೊಳ್ಳೋಕೆ ಇವತ್ತು ನನಗೆ ಶಕ್ತಿ ಇಲ್ಲ."

"ನೀವು ಸುಳ್ಳು ಅಂದುಕೊಂಡು ಸೈನ್ ಮಾಡ್ತೀರ" ಅಂದೆ. "ನನಗೆ ಅದು ನಿಜ ಆಗಿರುತ್ತೆ. ನಿಮ್ಮ ಮನೇಲಿ, ನಿಮ್ಮ ಎದುರಿಗೆ, ಫ್ರೆಂಡ್ ಥರ ನಟಿಸಿಕೊಂಡು ಇರೋಕೆ ನನ್ನ ಕೈಲಾಗಲ್ಲ."

ಅವಳ ಕೈಯಿಂದ ದಂಟು ಜಾರಿ ನೀರಿಗೆ ಬಿತ್ತು.

"ಯಾವತ್ತಿಂದ?"

"ಪಲ್ಯದ ದಿನದಿಂದ."

"ಹಾಕಿಸಿಕೊಳ್ಳಲೇ ಇಲ್ಲ ನೀನು" ಅಂದಳು. ನಕ್ಕಳು. ನಗುವಿನ ಕೊನೆ ಎಲ್ಲೋ ಒಡೆಯಿತು, ಕುರ್ತಾದ ತೋಳಿನಿಂದ ಮುಖ ಒರೆಸಿಕೊಂಡಳು. "ನಾನು ಕಾಯ್ತಿದ್ದೆ ಗೊತ್ತಾ? ಫೋನಲ್ಲಿ ನೀನು ಸುಮ್ಮನಾದಾಗೆಲ್ಲ, ಈಗ ಹೇಳ್ತಾನೆ ಅಂತ ಕಾಯ್ತಿದ್ದೆ. ಹೇಳದೇ ಇರಲಿ ಅಂತಾನೂ ಬೇಡಿಕೊಳ್ತಿದ್ದೆ."

"ಯಾಕೆ?"

"ಗುರುನೂ ಇದನ್ನೇ ಹೇಳಿದ್ದ. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ. ಆಸ್ಟ್ರೇಲಿಯಾ ಹಾಳಾಗಿ ಹೋಗ್ಲಿ, ನನಗೆ ಇದು ನಿಜ ಅಂತ. ಹೀಗೇ ಮೆಲ್ಲಗೆ. ನಿನ್ನ ಥರಾನೇ ನೆಲ ನೋಡ್ಕೊಂಡು."

"ನಾನು ಗುರು ಅಲ್ಲ."

"ಇವತ್ತು ಗೊತ್ತು ಕಣೋ. ಆದರೆ ಪಿಆರ್ ಬಂದ ಮಾರನೇ ದಿನ ಬೆಳಿಗ್ಗೆ ಎದ್ದು, ನಿನ್ನ ಶೂ ಬಾಗಿಲಲ್ಲಿ ಇದೆಯಾ ಅಂತ ನೋಡ್ತೀನಿ. ಅದರ ಮಾರನೇ ದಿನಾನೂ ನೋಡ್ತೀನಿ. ನೀನು ಹಾಲು ತರೋಕೆ ಹೋದ್ರೆ ಕಿಟಕೀಲಿ ನಿಂತಿರ್ತೀನಿ. ಹೀಗೆ ನೋಡಿ ನೋಡಿ, ಹೋಗಬೇಕು ಅನ್ನಿಸದವನನ್ನ ನಾನೇ ಓಡಿಸಿಬಿಡ್ತೀನಿ."

"ಅಂದ್ರೆ ಸುಳ್ಳು ಮದುವೆ ಆಗಬಹುದು. ನಿಜವಾದ್ದು ಆಗಲ್ಲ."

"ಸುಳ್ಳಾದ್ರೆ ತಡ್ಕೋತೀನಿ. ನನ್ನ ಹತ್ತಿರ ಈಗ ಇರೋದು ಅಷ್ಟೇ." ಅವಳು ನನ್ನ ಕೈ ಹಿಡಿದುಕೊಂಡಳು. ಅಂಗೈ ತಣ್ಣಗಿತ್ತು. "ನನ್ನನ್ನ ಬಿಟ್ಟು ಬೇರೆ ಯಾವ ದಾರೀಲಾದ್ರೂ ನೀನು ಇಲ್ಲಿಗೆ ಬರೋ ಹಾಗಿದ್ರೆ, ಆಗ ನೋಡ್ತಿದ್ದೆ. ಇಲ್ವಲ್ಲ."

ಇರಲಿಲ್ಲ. ಎಲ್ಲ ಬಾಗಿಲುಗಳನ್ನೂ ಒಂದು ವರ್ಷ ತಟ್ಟಿ ನೋಡಿದ್ದೆ. ಅವಳು ಮಗಳನ್ನು ಬಿಟ್ಟು ಊರಿಗೆ ಬರಲಾರಳು, ಬರಬೇಕೆಂದು ಕೇಳುವವನು ನಾನಲ್ಲ. ನಾನು ಬರಬೇಕಾದರೆ ಅವಳ ಹೆಸರು ಹೇಳಿಕೊಂಡೇ ಬರಬೇಕು. ಹಾಗೆ ಬಂದವನನ್ನು ಅವಳು ನಂಬಲಾರಳು.

ಚಪ್ಪರದೊಳಗೆ ಗಾಲಿ ತಿರುಗುತ್ತಲೇ ಇತ್ತು. ಆ ಸದ್ದಿನಲ್ಲಿ ನಾವು ಬಹಳ ಹೊತ್ತು ಕೂತಿದ್ದೆವು. ಒಮ್ಮೆ ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು. ಕೂದಲಲ್ಲಿ ಕಾರಿನಲ್ಲಿದ್ದ ಕರಿಬೇವಿನ ಘಮ ಇತ್ತು. ನಾನು ಅಲುಗಾಡಲಿಲ್ಲ. ಅಷ್ಟು ಸಂತೋಷ ನನಗೆ ಬೇರೆಲ್ಲೂ ಆಗಿರಲಿಲ್ಲ, ಅಷ್ಟು ದುಃಖವೂ.

*

ಏರ್‌ಪೋರ್ಟಿನ ದಾರಿಯಲ್ಲಿ, ಫ್ರೀವೇಯಲ್ಲಿ, ಕನ್ನಡಿ ನೋಡಿ ಲೇನ್ ಬದಲಿಸುತ್ತಾ, "ಇನ್ನೊಂದು ಸಲ ಯೋಚನೆ ಮಾಡು. ಆ ಬೆಂಚಲ್ಲಿ ನೀನು ಹೇಳಿದ್ದು ನಾನು ಕೇಳಿಸಿಕೊಳ್ಳಲೇ ಇಲ್ಲ ಅಂದ್ಕೋತೀನಿ. ಬರೀ ಪಿಆರ್‌ಗೆ ಅಂತ ಹೇಳು. ಮುಂದಿನ ವಾರಾನೇ ಅಪಾಯಿಂಟ್‌ಮೆಂಟ್ ಬುಕ್ ಮಾಡ್ತೀನಿ" ಅಂದಳು.

ಆ ಸುಳ್ಳು ಗಂಟಲವರೆಗೂ ಬಂತು. ಹೇಳಿಬಿಟ್ಟರೆ ನಾಳೆಯೂ ಅವಳನ್ನು ನೋಡಬಹುದು, ನಾಡಿದ್ದೂ. ದಿನಾ ನೋಡುತ್ತಾ, ದಿನಾ ಅವಳ ಕಣ್ಣಿನಲ್ಲಿ ಇನ್ನೊಬ್ಬ ಗುರುವಾಗುತ್ತಾ ಇರಬಹುದು. ಮಡಿಲಲ್ಲಿದ್ದ ಬ್ಯಾಗಿನ ಜಿಪ್ ಎಳೆದು ಮುಚ್ಚಿದೆ. ಅವಳು ಮತ್ತೆ ಕೇಳಲಿಲ್ಲ.

ಇಳಿಸುವ ಜಾಗದಲ್ಲಿ ಕಾರುಗಳ ಸಾಲು. ಕಾವಲಿನವನು ಬೇಗ ಬೇಗ ಎಂದು ಕೈ ಬೀಸುತ್ತಿದ್ದ. ಅವಳು ಎಂಜಿನ್ ಆರಿಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲೆ.

"ಹೊರಡೋ ದಿನ ನಾನು ಸಿಡ್ನಿಗೆ ಬರಲ್ಲ" ಅಂದಳು.

"ಬೇಡ. ಗೊತ್ತು."

"ಊರಿಗೆ ಹೋದ ಮೇಲೆ ಫೋನ್ ಮಾಡಬೇಡ. ಸ್ವಲ್ಪ ದಿನ. ಆಮೇಲೂ ಬೇಡವೇನೋ."

ತಲೆ ಆಡಿಸಿದೆ. ಬ್ಯಾಗ್ ಎತ್ತಿಕೊಂಡು ಬಾಗಿಲ ಹಿಡಿಗೆ ಕೈ ಹಾಕಿದಾಗ ನನ್ನ ತೋಳು ಹಿಡಿದಳು.

"ಅದನ್ನ ಇನ್ನೊಂದು ಸಲ ಹೇಳು."

"ಯಾವುದನ್ನ?"

"ನಾನು ತಗೋ ಅಂದಾಗ ಹೇಳಿದ್ಯಲ್ಲ." ಅವಳು ನನ್ನ ಕಡೆ ತಿರುಗಲಿಲ್ಲ. "ಗುರು ನೀನು ಹೇಳಿದ್ದನ್ನೆಲ್ಲ ಹೇಳಿದ್ದ. ಅದೊಂದನ್ನ ಹೇಳಿರಲಿಲ್ಲ."

ಅವಳ ಮುಖ ನೋಡಿದೆ. ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಹುಬ್ಬು, ಮೂಗಿನ ತುದಿ, ಗಟ್ಟಿಯಾಗಿ ಮುಚ್ಚಿದ ತುಟಿ.

"ಬೇಡ, ಮಹತಿ" ಅಂದೆ.

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮುಖ ನಿಧಾನವಾಗಿ ಸಡಿಲವಾಯಿತು. ಆ ವರ್ಷವಿಡೀ ಅವಳ ಮುಖದಲ್ಲಿ ನಾನು ಕಂಡಿರದ ಒಂದು ನೆಮ್ಮದಿ ಅಲ್ಲಿ ಬಂದು ಕೂತಿತು.

ಕಾವಲಿನವನು ಬಾನೆಟ್ ಮೇಲೆ ತಟ್ಟಿದ. ಇಳಿದೆ. ಬಾಗಿಲನ್ನು ಸದ್ದಾಗದಂತೆ ಹಾಕಿದೆ. ಕಾರು ಇಂಡಿಕೇಟರ್ ಹಾಕಿ, ಸಾಲಿನೊಳಗೆ ನುಸುಳಿ, ತಿರುವಿನಲ್ಲಿ ಕಾಣದಾಯಿತು.

ಕೊನೆಗೂ ಅವಳು ನನ್ನನ್ನು ನಂಬಿದ್ದಳು. ಆ ನಂಬಿಕೆ ಉಳಿಯಬೇಕಾದರೆ ನಾನು ವಿಮಾನ ಹತ್ತಲೇಬೇಕಿತ್ತು. ಗಾಜಿನ ಬಾಗಿಲು ತಾನಾಗಿ ತೆರೆಯಿತು, ಒಳಗೆ ಹೋದೆ.